ಕರೆಂಟು ಬೇಡದ ಕಂಪ್ಯೂಟರ್

ಬಸ್ ನಿಲ್ದಾಣದ ಮೈಕಿನ ಮುಂದೆ ಕೂರುವ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಡ್ರೈವರು ಕಂಡಕ್ಟರುಗಳೆಲ್ಲ ಸೇರಿ ಅದನ್ನು ಉಜ್ಜಿ ಅಳಿಸಿ ಮೈಕಪ್ಪ ಎಂದು ಮಾಡಿಬಿಟ್ಟಿದ್ದರು. ಅದಕ್ಕೆ ಅವನು ಬೇಸರ ಮಾಡಿಕೊಂಡವನಲ್ಲ. ಯಾವ ಬಸ್ಸು ಎಲ್ಲಿಗೆ ಬರುತ್ತದೆ, ಯಾವುದು ಬರುವುದಿಲ್ಲ, ಯಾವುದು ಬಂದರೂ ಬರಬಹುದು ಎಂದು ಬೆಳಗಿನಿಂದ ಸಂಜೆಯವರೆಗೆ ಸಾರುವವನಿಗೆ ಬೇಸರಪಡಲು ಪುರುಸೊತ್ತೆಲ್ಲಿ?

ಮನೆಯಲ್ಲಿ ಅವನದು ಸಾಧಾರಣ ದನಿ. "ಉಪ್ಪು ಕೊಡು" ಎಂದರೆ ಮೂರನೆಯ ಸಲಕ್ಕೆ ಉಪ್ಪು ಬರುತ್ತಿತ್ತು, ಅದೂ ಊಟ ಮುಗಿದಿದ್ದರೆ. ಆದರೆ ಮೈಕಿನ ಗುಂಡಿ ಒತ್ತಿ "ಪ್ರಯಾಣಿಕರ ಗಮನಕ್ಕೆ" ಎಂದನೋ, ಇಡೀ ನಿಲ್ದಾಣ ತಲೆ ಎತ್ತುತ್ತಿತ್ತು. ಜನ ಗಂಟುಮೂಟೆ ಎತ್ತಿಕೊಂಡು ಅವನು ಹೇಳಿದ ಕಡೆಗೆ ಓಡುತ್ತಿದ್ದರು. ಇಂಥ ಮನುಷ್ಯ ಹೆಂಡತಿಯನ್ನಾದರೂ ಬಿಟ್ಟಾನು, ಮೈಕು ಬಿಡಲಾರ. ಈ ಮಾತನ್ನು ಅವನ ಹೆಂಡತಿಯೇ ಎಷ್ಟೋ ಜನರ ಮುಂದೆ ಹೇಳಿದ್ದಳು.

ಹೀಗಿರುವಾಗ ಒಂದು ದಿನ ಡಿಪೋ ಮ್ಯಾನೇಜರು ಅವನನ್ನು ಒಳಗೆ ಕರೆದರು.

"ನೋಡ್ರೀ, ಯಂತ್ರ ಬರ್ತಾ ಇದೆ. ಇನ್ಮೇಲೆ ಅದೇ ಅನೌನ್ಸ್ ಮಾಡುತ್ತೆ."

"ನಾನು ಸಾರ್?"

"ನೀವು ಟೈರ್ ಗೋಡೌನಿಗೆ."

ಟೈರ್ ಗೋಡೌನಿಗೆ ಹೋದವರು ಮಾತು ಮರೆತು ಬರುತ್ತಾರೆಂದು ಡಿಪೋದಲ್ಲಿ ಪ್ರತೀತಿ. "ಟೈರುಗಳಿಗೆ ಏನು ಅನೌನ್ಸ್ ಮಾಡ್ಲಿ ಸಾರ್?" ಎಂದು ಕೇಳಿದ.

"ಏನೂ ಮಾಡ್ಬೇಡಿ. ಯಂತ್ರ ನೋಡ್ಕೊಳ್ಳೋಕೂ ಒಬ್ಬರು ಬೇಕು, ನಿಜ. ಆದ್ರೆ ಹನ್ನೆರಡನೇ ಕ್ಲಾಸಿನ ಕಂಪ್ಯೂಟರ್ ಸೈನ್ಸ್ ಪಾಸಾಗಿರಬೇಕಂತೆ. ನಿಮಗೆಲ್ಲಿ ಬರುತ್ತೆ ಅದು?"

ಬಾಗಿಲು ತೆರೆದಿತ್ತು. ಹೊರಗೆ ನಾಲ್ಕಾರು ಡ್ರೈವರುಗಳು ಕಿವಿ ಒಳಗಿಟ್ಟು ನಗುತ್ತ ನಿಂತಿದ್ದರು. ಅವರು ಇಲ್ಲದಿದ್ದರೆ ಮೈಕಪ್ಪ ತಲೆ ತಗ್ಗಿಸಿಕೊಂಡು ಟೈರುಗಳ ಕಡೆ ನಡೆಯುತ್ತಿದ್ದನೋ ಏನೋ. "ಬರುತ್ತೆ ಸಾರ್. ಪರೀಕ್ಷೆ ಕಟ್ಟೋದೊಂದು ಬಾಕಿ" ಎಂದುಬಿಟ್ಟ. ಆ ಮಾತಿನ ಎರಡನೆಯ ಅರ್ಧ ಮಾತ್ರ ನಿಜವಾಗಿತ್ತು.

ವಿಚಾರಿಸಿದಾಗ ದಾರಿಯೇನೋ ಇತ್ತು. ಯಾವ ಕಾಲದಲ್ಲೋ ಹನ್ನೆರಡನೇ ಕ್ಲಾಸು ಮುಗಿಸಿದವರು ಕೂಡ ಮನೆಯಲ್ಲೇ ಓದಿ ಹೆಚ್ಚುವರಿ ವಿಷಯವೊಂದರ ಪರೀಕ್ಷೆ ಕಟ್ಟಬಹುದಿತ್ತು. ಮೈಕಪ್ಪ ಅರ್ಜಿ ಹಾಕಿ, ಹಳೆ ಪುಸ್ತಕದ ಅಂಗಡಿಯಿಂದ ಪಠ್ಯಪುಸ್ತಕ ತಂದು, ಅದಕ್ಕೆ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿ, ಮೊದಲ ಪುಟದಲ್ಲಿ ತನ್ನ ಹೆಸರು ಬರೆದ. ಅಷ್ಟಕ್ಕೇ ಅರ್ಧ ವಿದ್ಯೆ ಬಂದಂತಾಯಿತು.

"ಮನೇಲಿ ಕಂಪ್ಯೂಟರ್ರೇ ಇಲ್ವಲ್ರೀ" ಎಂದಳು ಹೆಂಡತಿ.

"ಪುಸ್ತಕ ಇದೆಯಲ್ಲ."

ಪುಸ್ತಕದ ಮೊದಲ ಪಾಠದಲ್ಲೇ ಅವನಿಗೆ ಬೇಕಾದದ್ದು ಸಿಕ್ಕಿತು. ಯಂತ್ರಕ್ಕೆ ಸ್ವಂತ ಬುದ್ಧಿ ಇಲ್ಲ, ಹೇಳಿದ್ದನ್ನು ಹೇಳಿದಂತೆ ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ ಎಂದು ಅಲ್ಲಿ ಬರೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಲಹೆ: ನಿಮ್ಮ ಸೂಚನೆಗಳನ್ನು ಹಂತ ಹಂತವಾಗಿ ಕಾಗದದ ಮೇಲೆ ಬರೆಯಿರಿ, ಯಾರನ್ನಾದರೂ ಯಂತ್ರವೆಂದು ಭಾವಿಸಿ ಮೊದಲು ಅವರಿಂದ ಮಾಡಿಸಿ ನೋಡಿ. ಲೇಖಕರು ಅದನ್ನು ಯಾವ ಉದ್ದೇಶದಿಂದ ಬರೆದಿದ್ದರೋ. ಮೈಕಪ್ಪನಿಗೆ ಮಾತ್ರ ಕಂಪ್ಯೂಟರ್ ಕೊಳ್ಳುವ ಖರ್ಚು ಅಲ್ಲಿಗೇ ಉಳಿಯಿತು.

ಮೊದಲ ಪ್ರಯೋಗ ಹೆಂಡತಿಯ ಮೇಲೆ ನಡೆಯಿತು.

"ಮೊದಲನೇ ಹಂತ. ಎದ್ದು ನಿಲ್ಲು."

"ಯಾಕೆ?"

"ಕಂಪ್ಯೂಟರ್ ಯಾಕೆ ಅಂತ ಕೇಳಲ್ಲ ಕಣೇ."

"ಹಾಗಾದ್ರೆ ಅದನ್ನೇ ಮದುವೆ ಆಗ್ಬೇಕಿತ್ತು" ಎಂದು ಅವಳು ಟೇಪು ಕತ್ತರಿಗಳನ್ನು ಚೀಲಕ್ಕೆ ಹಾಕಿಕೊಂಡು ತನ್ನ ಹೊಲಿಗೆ ಅಂಗಡಿಗೆ ಹೊರಟುಹೋದಳು. ಸ್ವಂತ ಬುದ್ಧಿ ವಿಪರೀತ, ಈ ಕೆಲಸಕ್ಕೆ ಒಗ್ಗುವುದಿಲ್ಲ ಎಂದು ಮೈಕಪ್ಪ ತೀರ್ಮಾನಿಸಿದ. ಅದನ್ನು ಅವಳಿಗೆ ತಿಳಿಸಲಿಲ್ಲ. ಅಷ್ಟು ಬುದ್ಧಿ ಅವನಿಗೂ ಇತ್ತು.

ಆಗ ಅವನ ಕಣ್ಣು ಮೂಲೆಯ ಕುರ್ಚಿಯ ಮೇಲೆ ಕೂತಿದ್ದ ಮಾವನ ಮೇಲೆ ಬಿತ್ತು.

ಮಾವ ರೈಲ್ವೆ ಗೇಟು ಕಾಯುತ್ತಿದ್ದವರು. ಫೋನು ಬಂದರೆ ಗೇಟು ಹಾಕಬೇಕು, ಇನ್ನೊಮ್ಮೆ ಬಂದರೆ ತೆಗೆಯಬೇಕು. ಇಡೀ ಸರ್ವೀಸಿನಲ್ಲಿ ಅವರು ಒಮ್ಮೆಯೂ ಯಾಕೆ ಎಂದು ಕೇಳಿದವರಲ್ಲ. ಮದುವೆ ದಿಬ್ಬಣ ಬಂದು ಕೈಮುಗಿದರೂ ಸೂಚನೆ ಇಲ್ಲದೆ ಗೇಟು ತೆರೆದವರಲ್ಲ. ಅವರು ನಿವೃತ್ತರಾದ ಮೇಲೆ ಅಲ್ಲೊಂದು ಸೇತುವೆ ಎದ್ದು ಗೇಟೇ ಹೋಯಿತು. ಹೆಂಡತಿ ಮೊದಲೇ ತೀರಿಕೊಂಡಿದ್ದರಿಂದ ಮಗಳ ಮನೆಗೆ ಬಂದರು. ಇಲ್ಲಿ ಪೊರಕೆ ಹಿಡಿದರೂ ಲೋಟ ಎತ್ತಿದರೂ ಮಗಳು "ಅಪ್ಪಾ, ನೀವು ಸುಮ್ನೆ ಕೂತ್ಕೊಳ್ಳಿ" ಎನ್ನುತ್ತಿದ್ದಳು. ಅದೂ ಒಂದು ಸೂಚನೆಯೇ ಆದ್ದರಿಂದ ಅವರು ಸುಮ್ಮನೆ ಕೂತಿದ್ದರು.

"ಮಾವನೋರೇ, ಬಾಗಿಲ ಹತ್ರ ಹೋಗಿ. ಮುಚ್ಚಿದ್ದರೆ ತೆಗೀರಿ. ತೆಗೆದಿದ್ದರೆ ಮುಚ್ಚಿ" ಎಂದ ಮೈಕಪ್ಪ.

ಮಾವ ಎದ್ದರು. ಪಂಚೆ ಸರಿಮಾಡಿಕೊಂಡು ಬಾಗಿಲವರೆಗೆ ನಡೆದರು, ನೋಡಿದರು, ಮುಚ್ಚಿದರು. ತಿರುಗಿ ಬಂದು ನೆಟ್ಟಗೆ ನಿಂತು, "ಮತ್ತೆ?" ಎಂದರು. ಅವರ ಮುಖದಲ್ಲಿ ಅಂಥ ಕಳೆಯನ್ನು ಆ ಮನೆ ಅದುವರೆಗೆ ಕಂಡಿರಲಿಲ್ಲ.

ಅಲ್ಲಿಂದ ವಿದ್ಯಾಭ್ಯಾಸ ಭರದಿಂದ ಸಾಗಿತು. ಅಳಿಯ ಬರೆಯುವುದು, ಮಾವ ಮಾಡುವುದು. ಯಂತ್ರ ಹೇಗಿರಬೇಕೆಂದೂ ಇಬ್ಬರೂ ಮಾತಾಡಿಕೊಂಡರು. ಕೈಯಲ್ಲಿ ಕೆಲಸವಿರುವಾಗ ಯಂತ್ರ ಹರಟೆ ಹೊಡೆಯಬಾರದು. ಕಾಗದದಲ್ಲಿಲ್ಲದ್ದನ್ನು ಯಾರೇ ಕೇಳಿದರೂ "ಸೂಚನೆ ಇಲ್ಲ" ಎಂದಷ್ಟೇ ಹೇಳಬೇಕು. ಮಾವನಿಗೆ ಈ ನಿಯಮ ಬಹಳ ಹಿಡಿಸಿತು. ಗೇಟಿನಲ್ಲೂ ಅವರು ಅದನ್ನೇ ಹೇಳುತ್ತಿದ್ದುದು.

ಮುಂದಿನ ಪಾಠ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು. ಮೈಕಪ್ಪ ಹೀಗೆ ಬರೆದುಕೊಟ್ಟ: ಬಕೆಟ್ಟಿನಲ್ಲಿ ನೀರಿದೆಯೇ ನೋಡಿ. ಇದ್ದರೆ ಒಂದು ಚೊಂಬು ಗುಲಾಬಿ ಗಿಡಕ್ಕೆ ಹಾಕಿ ಮತ್ತೆ ಮೊದಲಿನಿಂದ ಶುರುಮಾಡಿ. ಇಲ್ಲದಿದ್ದರೆ ನಿಲ್ಲಿಸಿ. ಬರೆದಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಬಕೆಟ್ಟಿನ ಮೇಲೆ ನಲ್ಲಿ ಬಿಟ್ಟಿತ್ತು, ಅಷ್ಟೇ. ಅದನ್ನು ನೋಡದೆ ಅವನು ಕೆಲಸಕ್ಕೆ ಹೋದ.

ಎದುರುಮನೆಯಲ್ಲಿ ಒಬ್ಬಾಕೆ ಇದ್ದಳು. ಬೀದಿಯವರು ಅವಳನ್ನು ಕಿಟಕಿ ಅಕ್ಕ ಎನ್ನುತ್ತಿದ್ದರು. ಅವಳ ಮನೆಗೆ ಬಾಗಿಲೂ ಇತ್ತಂತೆ, ಆದರೆ ಅವಳನ್ನು ಅಲ್ಲಿ ಕಂಡವರು ಕಡಿಮೆ. ಬೆಳಿಗ್ಗೆ ಗಿಡಕ್ಕೆ ನೀರು ಹಾಕುತ್ತಿದ್ದ ಮುದುಕರು ಸೂರ್ಯ ನೆತ್ತಿಗೆ ಬಂದರೂ ಹಾಕುತ್ತಲೇ ಇರುವುದನ್ನು ಅವಳು ಕಿಟಕಿಯಿಂದ ನೋಡಿದಳು. ನೋಡಲಾರದೆ ಹೊರಗೆ ಬಂದಳು.

"ಅಜ್ಜಾರೇ, ಸಾಕು ಬಿಡಿ. ಗಿಡ ಸತ್ತೇ ಹೋಗಿದೆ."

"ಸೂಚನೆ ಇಲ್ಲ" ಎಂದು ಮಾವ ಇನ್ನೊಂದು ಚೊಂಬು ಹಾಕಿದರು.

"ಅಯ್ಯೋ, ಊಟನಾದ್ರೂ ಆಯ್ತಾ?"

"ಸೂಚನೆ ಇಲ್ಲ."

ಕಿಟಕಿ ಅಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡಳು. ಮೈಕಪ್ಪ ಊಟಕ್ಕೆಂದು ಮನೆಗೆ ಬರುವಷ್ಟರಲ್ಲಿ ಗುಲಾಬಿ ಗಿಡ ಗೇಟಿನವರೆಗೆ ತೇಲಿ ಬಂದಿತ್ತು, ಅರ್ಧ ಬೀದಿ ಅವನ ಅಂಗಳದಲ್ಲಿತ್ತು. "ಊಟಕ್ಕೂ ಅಪ್ಪಣೆ ಬೇಕಂತೆ ಕಣ್ರೀ! ಮಾವ ಅನ್ನೋ ಮುಲಾಜೂ ಬೇಡ್ವಾ?" ಎಂದು ಕಿಟಕಿ ಅಕ್ಕ ಎಲ್ಲರಿಗೂ ಹೇಳುತ್ತಿದ್ದಳು. ಮೈಕಪ್ಪ ಓಡಿಹೋಗಿ ನಲ್ಲಿ ನಿಲ್ಲಿಸಿದ. ಬಕೆಟ್ಟು ಬರಿದಾಯಿತು. ಮಾವ ಚೊಂಬು ಕೆಳಗಿಟ್ಟು "ಮುಗೀತು" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಅಳಿಯಂದ್ರೇ, ಕೊನೇ ಹಂತ ಚೆನ್ನಾಗಿ ಬರ್ದಿದ್ರಿ. ಆದ್ರೆ ಅದು ಬರ್ಲೇ ಇಲ್ಲ" ಎಂದರು.

ಮೈಕಪ್ಪನಿಗೆ ತಟ್ಟನೆ ಹೊಳೆಯಿತು. ಪುಸ್ತಕದಲ್ಲಿ ಮುಗಿಯದ ಸುತ್ತು ಎಂದು ಬರೆದಿದ್ದು ಇದನ್ನೇ! ಅವನು ಖುಷಿ ತಡೆಯಲಾರದೆ ಬೀದಿಯವರ ಮುಂದೆಯೇ ಚಪ್ಪಾಳೆ ತಟ್ಟಿ, "ಇವತ್ತು ಎಂಥಾ ಒಳ್ಳೇದಾಯ್ತು ಮಾವನೋರೇ!" ಎಂದ. ಇದರಿಂದ ಅವನ ಮರ್ಯಾದೆಯೇನೂ ಹೆಚ್ಚಲಿಲ್ಲ.

ಹೆಂಡತಿ ಬಂದ ಮೇಲೆ ನಡೆದದ್ದನ್ನು ಬೀದಿ ಕಿವಿಯಿಂದಲೇ ಕೇಳಿತು. "ನನ್ನಪ್ಪನ್ನ ಏನಂದ್ಕೊಂಡಿದೀರಿ ನೀವು?" ಎಂದು ಅವಳು ಕೇಳಿದಾಗ "ಕಂಪ್ಯೂಟರ್" ಎಂದು ಅವನು ನಿಜವನ್ನೇ ಹೇಳಿದ. ಆ ಮನೆಯಲ್ಲಿ ನಿಜ ಹೇಳುವುದಕ್ಕೆ ಅದು ಹೊತ್ತಾಗಿರಲಿಲ್ಲ. ಮಾವ ಮಾತ್ರ, "ನೀನು ಸುಮ್ನೆ ಕೂತ್ಕೋಮ್ಮಾ" ಎಂದರು. ಮಗಳು ಬಾಯಿ ತೆರೆದವಳು ಹಾಗೇ ಕೂತಳು.

ಕಿಟಕಿ ಅಕ್ಕನ ದೂರು ಹೋಗಿ, ಆ ವಾರವೇ ಹಿರಿಯ ನಾಗರಿಕರ ಕ್ಷೇಮ ನೋಡುವ ಅಧಿಕಾರಿ ಬಂದರು. ನೀಳ ಕಾಯ, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕು. ತನ್ನಷ್ಟು ಎತ್ತರದವರು ಆಫೀಸಿನಲ್ಲಿ ಇನ್ನೊಬ್ಬರಿಲ್ಲ ಎಂಬುದನ್ನು ಕೂರುವ ಮೊದಲೇ ತಿಳಿಸಿದರು. ಅವರು ಬಂದಾಗ ಮಾವ ಒಂದು ಪಾಠದ ನಡುವೆ ಇದ್ದರು. ಬಟ್ಟಲಿನಲ್ಲಿ ಬೆರೆತಿದ್ದ ಗುಂಡಿಗಳಲ್ಲಿ ಬಿಳಿಯದನ್ನು ಒಂದು ಕಡೆ, ಕರಿಯದನ್ನು ಇನ್ನೊಂದು ಕಡೆ ಇಡುತ್ತಿದ್ದರು.

"ಹೆದರ್ಬೇಡಿ ಯಜಮಾನ್ರೇ. ಅಳಿಯ ನಿಮಗೆ ತೊಂದರೆ ಕೊಡ್ತಾರಾ?"

"ಸೂಚನೆ ಇಲ್ಲ."

"ತೊಂದರೆ ಕೊಡಲ್ವಾ ಹಾಗಾದ್ರೆ?"

"ಸೂಚನೆ ಇಲ್ಲ."

ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಎಷ್ಟು ಹೆದರಿಸಿ ಇಟ್ಟಿದೀರ್ರೀ!" ಎಂದರು.

"ಸ್ವಾಮಿ, ಅವರು ಹೆದರಿಲ್ಲ, ಓಡ್ತಾ ಇದಾರೆ. ಅಂದ್ರೆ ಪ್ರೋಗ್ರಾಂ ಓಡ್ತಾ ಇದೆ. ನಡುವೆ ನಿಲ್ಲಿಸಿದ್ರೆ ಮತ್ತೆ ಮೊದಲಿನಿಂದ..."

"ಬಾಯ್ಮುಚ್ಚಿ."

ಮೈಕಪ್ಪ ಬಾಯಿ ಮುಚ್ಚಿದ. ಅಧಿಕಾರಿಗಳ ಪತ್ರ ನೇರವಾಗಿ ಡಿಪೋಗೆ ಹೋಯಿತು. ಮ್ಯಾನೇಜರು ಅದನ್ನು ಓದಿ, "ಈ ದೂರು ತೀರದಿದ್ರೆ ಮೈಕೂ ಇಲ್ಲ, ಟೈರೂ ಇಲ್ಲ. ಮನೆಗೇ" ಎಂದರು. ಡ್ರೈವರುಗಳು ಈ ಸಲ ನಗಲಿಲ್ಲ. ಅದರಿಂದಲೇ ಮೈಕಪ್ಪನಿಗೆ ಹೆಚ್ಚು ಭಯವಾಯಿತು.

ಲಿಖಿತ ಪರೀಕ್ಷೆ ಹೇಗೋ ಆಯಿತು. ಪ್ರಾಯೋಗಿಕ ಪರೀಕ್ಷೆ ಒಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ. ಮಾವನೂ ಹೊರಟರು. ಬೇಡವೆಂದರೆ, "ನಾನಿಲ್ದೆ ನೀವು ಯಾವತ್ತು ಮಾಡಿದೀರಿ?" ಎಂದು ಕೇಳಿದರು. ಶಾಲೆಯ ಅಂಗಳದ ಮರದ ಕೆಳಗೆ ಅವರನ್ನು ಕೂರಿಸಿ, ಕರೆಯುವವರೆಗೆ ಏಳಬೇಡಿ ಎಂದು ಮೈಕಪ್ಪ ಒಳಗೆ ಹೋದ. ಇತ್ತ, ಮುದುಕರನ್ನು ಉರಿಬಿಸಿಲಿನಲ್ಲಿ ಶಾಲೆಯವರೆಗೆ ಎಳೆದುಕೊಂಡು ಹೋದ ಸುದ್ದಿ ಕಿಟಕಿಯಿಂದ ಅಧಿಕಾರಿಗಳಿಗೆ ಅಷ್ಟೊತ್ತಿಗಾಗಲೇ ತಲುಪಿತ್ತು.

ಒಳಗೆ ಎಲ್ಲರೂ ಮೀಸೆ ಚಿಗುರುವ, ಜಡೆ ಹಾಕುವ ವಯಸ್ಸಿನವರು. ಪರೀಕ್ಷಕಿ ಪ್ರಶ್ನೆ ಕೊಟ್ಟರು: ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಲು ಪ್ರೋಗ್ರಾಂ ಬರೆಯಿರಿ, ಓಡಿಸಿ ತೋರಿಸಿ. ಮೈಕಪ್ಪ ಹಂತಗಳನ್ನು ಕಾಗದದ ಮೇಲೆ ಮುದ್ದಾಗಿ ಬರೆದ. ಬಳಿಕ ಕಂಪ್ಯೂಟರಿನ ಮುಂದೆ ಕೂತ. ಹುಟ್ಟಿದಾಗಿನಿಂದ ಇಷ್ಟು ಹತ್ತಿರ ಅವನು ಅದರ ಮುಂದೆ ಕೂತಿರಲಿಲ್ಲ. ಬಲಗಡೆಯಿಂದ ನೋಡಿದ, ಎಡಗಡೆಯಿಂದ ನೋಡಿದ, ಬಗ್ಗಿ ಮೇಜಿನ ಅಡಿ ನೋಡಿದ. ಅದು "ಮತ್ತೆ?" ಎಂದು ಕೇಳಲಿಲ್ಲ.

"ಅಂಕಲ್, ಆ ಬಟನ್ ಒತ್ತಿ" ಎಂದು ಪಕ್ಕದ ಹುಡುಗಿ ಪಿಸುಗುಟ್ಟಿದಳು.

ಮೈಕಪ್ಪ ದೇವರನ್ನು ನೆನೆದು ಒತ್ತಿದ. ಅದೇ ಕ್ಷಣ ಫ್ಯಾನು ನಿಂತಿತು, ದೀಪ ಆರಿತು, ಕೋಣೆಯ ಪರದೆಗಳೆಲ್ಲ ಕಪ್ಪಾದವು. ಅವನು ಎದ್ದು ನಿಂತು, "ಕ್ಷಮಿಸ್ಬೇಕು ಮೇಡಂ, ನನ್ನಿಂದಾನೇ ಆಯ್ತು" ಎಂದ.

"ಕೂತ್ಕೊಳ್ರೀ. ಇಡೀ ಬೀದೀದೇ ಹೋಗಿದೆ."

"ಇಡೀ ಬೀದೀದಾ!" ಎಂದು ಅವನು ತನ್ನ ಬೆರಳನ್ನೇ ನೋಡಿಕೊಂಡ.

ಕರೆಂಟು ಸಂಜೆಯವರೆಗೂ ಬರುವುದಿಲ್ಲ ಎಂದು ಸುದ್ದಿ ಬಂತು. ಪ್ರೋಗ್ರಾಂ ಓಡುವುದನ್ನು ಕಣ್ಣಾರೆ ನೋಡದೆ ಅಂಕ ಕೊಡುವಂತಿಲ್ಲ ಎಂದರು ಪರೀಕ್ಷಕಿ. ಮಕ್ಕಳಿಗೇನೋ ಇನ್ನೊಂದು ದಿನ ಶಾಲೆಯಲ್ಲೇ ಮಾಡಿಸಬಹುದು, ಹೊರಗಿನಿಂದ ಕಟ್ಟಿದವರು ಮಾತ್ರ ಮುಂದಿನ ವರ್ಷ ಬರಬೇಕು. ಮುಂದಿನ ವರ್ಷ! ಯಂತ್ರ ಬರುವುದು ಮುಂದಿನ ತಿಂಗಳು. ಮೈಕಪ್ಪನ ಮೂಗಿಗೆ ಆಗಲೇ ಟೈರಿನ ವಾಸನೆ ಬಡಿಯಿತು.

"ಮೇಡಂ, ನನ್ನ ಕಂಪ್ಯೂಟರಿಗೆ ಕರೆಂಟು ಬೇಡ. ಹೊರಗೆ ಮರದ ಕೆಳಗೆ ಕೂತಿದೆ. ಕರೀಲಾ?"

ಪರೀಕ್ಷಕಿ ಅವನನ್ನು ಬಹಳ ಹೊತ್ತು ನೋಡಿದರು. ಕಾಪಿ ಚೀಟಿ ನುಂಗಿದವರನ್ನೂ ಮೂರ್ಛೆ ಹೋದಂತೆ ನಟಿಸಿದವರನ್ನೂ ಅವರು ಕಂಡಿದ್ದರು. ಇದು ಹೊಸದು. "ಕರೀರಿ" ಎಂದರು.

ಮಾವ ಬಂದರು, ಕಾಗದ ಓದಿಕೊಂಡರು. ಸಂಖ್ಯೆಗಳ ಬದಲು ಮಕ್ಕಳ ಎತ್ತರ ಎಂದು ಮೈಕಪ್ಪ ಹೇಳಿ, ವರಾಂಡದಲ್ಲಿ ಇದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿದ. ಹಂತಗಳು ಇಷ್ಟೇ: ಪಕ್ಕಪಕ್ಕದ ಇಬ್ಬರನ್ನು ನೋಡಿ. ಎಡಗಡೆಯವರು ಬಲಗಡೆಯವರಿಗಿಂತ ಗಿಡ್ಡ ಅಲ್ಲದಿದ್ದರೆ ಇಬ್ಬರ ಜಾಗ ಬದಲಿಸಿ. ಸಾಲಿನ ಕೊನೆಯವರೆಗೆ ಹೀಗೇ ಹೋಗಿ ಮತ್ತೆ ಮೊದಲಿಗೆ ಬನ್ನಿ. ಒಂದು ಸುತ್ತಿನಲ್ಲಿ ಯಾರ ಜಾಗವೂ ಬದಲಾಗದಿದ್ದರೆ ನಿಲ್ಲಿಸಿ.

ಮಾವ ಶುರುಮಾಡಿದರು. ಭುಜ ಹಿಡಿದು ಒಬ್ಬರನ್ನು ಇತ್ತ, ಒಬ್ಬರನ್ನು ಅತ್ತ. ಉದ್ದದ ಹುಡುಗರು ಮೆಲ್ಲಗೆ ಬಲಕ್ಕೆ ಸರಿದರು, ಗಿಡ್ಡನೆಯವರು ಎಡಕ್ಕೆ ಬಂದರು. ಪರೀಕ್ಷಕಿಯ ಹುಬ್ಬು ಮೇಲೇರಿತು. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಅಧಿಕಾರಿಗಳು ಬಂದರು.

"ಏನಿದು ಅನ್ಯಾಯ! ಇಲ್ಲೂ ದುಡಿಸ್ತಾ ಇದೀರಾ?"

ವರಾಂಡದಲ್ಲಿ ಇದ್ದವರೆಲ್ಲ ಸಾಲಿನಲ್ಲಿರಬೇಕು ಎಂಬುದು ಮಾವನಿಗೆ ಗೊತ್ತಿತ್ತು. ಅವರು ಅಧಿಕಾರಿಗಳ ತೋಳು ಹಿಡಿದು ಸಾಲಿನ ಕೊನೆಗೆ ನಿಲ್ಲಿಸಿದರು. ಅವರ ಪಕ್ಕದಲ್ಲಿ ಒಬ್ಬ ಕೋಲುಮುಖದ ಹುಡುಗನಿದ್ದ. ಮಾವ ಇಬ್ಬರನ್ನೂ ನೋಡಿ ಜಾಗ ಬದಲಿಸಿದರು. ಇನ್ನೊಂದು ಸುತ್ತು ಬಂದರು, ನೋಡಿದರು, ಬದಲಿಸಿದರು. ಮತ್ತೆ ಬಂದರು, ಮತ್ತೆ ಬದಲಿಸಿದರು. ಉಳಿದವರೆಲ್ಲ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು, ಆ ಇಬ್ಬರು ಮಾತ್ರ ಅತ್ತಿಂದಿತ್ತ ಓಡಾಡುತ್ತಲೇ ಇದ್ದರು.

"ನನ್ನನ್ಯಾಕ್ರೀ ಹೀಗೆ ಎಳೀತೀರಿ?" ಎಂದರು ಅಧಿಕಾರಿಗಳು.

"ಸೂಚನೆ" ಎಂದರು ಮಾವ.

"ಇದು ಯಾವಾಗ ನಿಲ್ಲುತ್ತೆ?" ಎಂದು ಪರೀಕ್ಷಕಿ ಪೆನ್ನು ಎತ್ತಿ ಹಿಡಿದು ಕೇಳಿದರು.

ಮೈಕಪ್ಪನಿಗೆ ಗುರುತು ಹತ್ತಿತು. ಮುಗಿಯದ ಸುತ್ತು! ಇಲ್ಲಿ ಮುಚ್ಚೋಣವೆಂದರೆ ನಲ್ಲಿಯೂ ಇಲ್ಲ. ಅವನು ಆ ಇಬ್ಬರನ್ನು ನೆಟ್ಟ ಕಣ್ಣಿನಿಂದ ನೋಡಿದ. ತಲೆಗೆ ತಲೆ ಸಮ. ಹುಡುಗನಿಗಿಂತ ಅಧಿಕಾರಿಗಳು ಗಿಡ್ಡ ಅಲ್ಲ, ಅವರಿಗಿಂತ ಹುಡುಗನೂ ಗಿಡ್ಡ ಅಲ್ಲ. ಮಾವನದೇನೂ ತಪ್ಪಿಲ್ಲ, ತಪ್ಪೆಲ್ಲ ಬರೆದವನದು. ಅವನು ಕುರ್ಚಿ ಹತ್ತಿ ನಿಂತ. ಗಂಟಲಿನಿಂದ ತಾನಾಗಿಯೇ ನಿಲ್ದಾಣದ ದನಿ ಹೊರಟಿತು.

"ಪ್ರಯಾಣಿಕರ ಗಮನಕ್ಕೆ! ಎರಡನೇ ಹಂತ ಬದಲಾಗಿದೆ. ಎಡಗಡೆಯವರು ಬಲಗಡೆಯವರಿಗಿಂತ ಎತ್ತರ ಇದ್ದರೆ ಮಾತ್ರ ಜಾಗ ಬದಲಿಸಬೇಕು. ಸಮ ಇದ್ದರೆ ಮುಟ್ಟಬಾರದು."

ಇಡೀ ಶಾಲೆ ತಲೆ ಎತ್ತಿತು. ಪಕ್ಕದ ಬೀದಿಯಲ್ಲಿ ಒಬ್ಬರು ಚೀಲ ಎತ್ತಿಕೊಂಡು ಹೊರಟರಂತೆ. ಮಾವ ಮೊದಲಿನಿಂದ ಒಂದು ಸುತ್ತು ಬಂದರು, ಯಾರನ್ನೂ ಮುಟ್ಟಲಿಲ್ಲ. "ಮುಗೀತು" ಎಂದರು. ಪರೀಕ್ಷಕಿ ಪೆನ್ನು ಇಳಿಸಿ ಏನೋ ಬರೆದುಕೊಂಡರು.

ಅಧಿಕಾರಿಗಳು ಅಂಗಿ ಸರಿಮಾಡಿಕೊಂಡು ಮಾವನನ್ನು ಪಕ್ಕಕ್ಕೆ ಕರೆದರು. "ಈಗಲಾದ್ರೂ ಹೇಳಿ ಯಜಮಾನ್ರೇ. ನಿಮಗೇನು ಕಷ್ಟ?" ಮಾವ ಅಳಿಯನ ಕಡೆ ನೋಡಿದರು.

"ಮಾವನೋರೇ, ಈಗ ಪ್ರೋಗ್ರಾಂ ಇಲ್ಲ. ನಿಮ್ಮ ಮನಸ್ಸಿಗೆ ಬಂದಿದ್ದು ಹೇಳಿ" ಎಂದ ಮೈಕಪ್ಪ. ಅವನ ದನಿ ಮತ್ತೆ ಉಪ್ಪು ಕೇಳುವ ದನಿಯಾಗಿತ್ತು.

ಮಾವ ಕೈಯಲ್ಲಿದ್ದ ಕಾಗದವನ್ನು ಮಡಿಸಿ ಅಳಿಯನಿಗೆ ಕೊಟ್ಟರು. "ಗೇಟು ಹೋದ್ಮೇಲೆ ನನಗೆ ಯಾರೂ ಒಂದು ಕೆಲಸ ಹೇಳಿರ್ಲಿಲ್ಲ ಸ್ವಾಮಿ. ಎಲ್ರೂ ಸುಮ್ನೆ ಕೂತ್ಕೊಳ್ಳಿ ಅಂದೋರೇ. ಪ್ರೀತಿಯಿಂದಾನೇ ಅಂದ್ರು, ಇಲ್ಲ ಅನ್ನಲ್ಲ. ಆದ್ರೆ ಕೂತೂ ಕೂತೂ ನಾನು ಇದೀನೋ ಇಲ್ವೋ ಅನ್ನೋದೇ ಮರೆತುಹೋಗಿತ್ತು. ಇವರೊಬ್ರೇ ನನ್ನ ಎಬ್ಬಿಸಿದ್ದು. ಇವರ ಮೇಲೆ ದೂರು ಬರೆದವರಿಗೆ ಹೇಳಿ, ನನಗೆ ತುಂಬಾ ಸಂತೋಷವಾಗಿದೆ ಅಂತ."

ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ದೂರನ್ನು ಅಲ್ಲೇ ಮುಗಿಸಿದರು. ಹೋಗುವಾಗ ತಿರುಗಿ ಬಂದು ಮೆಲ್ಲಗೆ ಕೇಳಿದರು, "ಆ ಹುಡುಗ ನನ್ನಷ್ಟೇ ಎತ್ತರ ಅಂತ ಖಂಡಿತಾನಾ?"

"ಖಂಡಿತ" ಎಂದರು ಮಾವ.

ಮೈಕಪ್ಪ ಪಾಸಾದ. ಅಂಕಗಳ ಬಗ್ಗೆ ಹೆಚ್ಚು ಹೇಳುವುದು ಸಭ್ಯತೆಯಲ್ಲ. ಯಂತ್ರವೂ ಬಂತು, ಅದನ್ನು ನೋಡಿಕೊಳ್ಳುವ ಕುರ್ಚಿಯೂ ಅವನಿಗೇ ಸಿಕ್ಕಿತು. ಡ್ರೈವರುಗಳು ಹೂವಿನ ಹಾರ ಹಾಕಿದರು. ಹಾರ ಇನ್ನೂ ಕೊರಳಲ್ಲಿರುವಾಗಲೇ, ಯಂತ್ರ ಕೂರಿಸಲು ಬಂದಿದ್ದ ಇಂಜಿನಿಯರಮ್ಮ ಹೇಳಿದಳು, "ಸಾರ್, ನೀವು ಮಾತಾಡೋ ಅಗತ್ಯವೇ ಇಲ್ಲ. ಎಲ್ಲಾ ಇದೇ ಹೇಳುತ್ತೆ. ನೀವು ಸುಮ್ನೆ ಕೂತ್ಕೊಂಡಿರಿ."

ಆ ಸಂಜೆ ಮನೆಗೆ ಬಂದು ಮೈಕಪ್ಪ ಮಾವನ ಪಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡು ಸುಮ್ಮನೆ ಕೂತ. ಇಷ್ಟೆಲ್ಲ ಒದ್ದಾಡಿ ಗೆದ್ದದ್ದು ಈ ಕುರ್ಚಿಯನ್ನೇ ಎಂದು ಅವನಿಗೆ ಅಳು ಬಂತು. ನಾಚಿಕೆಪಡದೆ ಸ್ವಲ್ಪ ಅತ್ತ. ಹೆಂಡತಿ ಕೇಳದೆಯೇ ಕಾಫಿ ತಂದಿಟ್ಟಳು. ಮಾವ ಎಲ್ಲ ಕೇಳಿಸಿಕೊಂಡರು.

"ಆ ಯಂತ್ರಕ್ಕೆ ಸೂಚನೆ ಬರ್ಕೊಡೋರು ಯಾರು?"

"ನಾನೇ."

"ಮತ್ತೆ?" ಎಂದರು ಮಾವ.

ಮಾರನೆಯ ದಿನ ಮೈಕಪ್ಪ ಬರೆದುಕೊಟ್ಟ ಹಂತಗಳನ್ನು ಮ್ಯಾನೇಜರು ಓದಿ ತಲೆದೂಗಿದರು, ಇಂಜಿನಿಯರಮ್ಮ ಯಂತ್ರಕ್ಕೆ ತುಂಬಿದಳು. ಅದರಲ್ಲಿ ಆಕ್ಷೇಪಿಸುವಂಥದ್ದು ಏನೂ ಇರಲಿಲ್ಲ. ಬಸ್ಸು ವೇಳಾಪಟ್ಟಿಯ ಹೊತ್ತಿಗೆ ಸರಿಯಾಗಿ ಬಂದರೆ ಯಂತ್ರ ಹೇಳಬೇಕು. ಇಲ್ಲದಿದ್ದರೆ ಮೈಕನ್ನು ಮನುಷ್ಯನಿಗೆ ಬಿಡಬೇಕು.

ಯಂತ್ರ ಇವತ್ತಿಗೂ ಒಂದು ಮಾತಾಡಿಲ್ಲ.

ನಡುವೆ ಒಂದೇ ಒಂದು ಗಂಡಾಂತರ ಬಂದಿತ್ತು. ಹೊಸದಾಗಿ ಸೇರಿದ ಡ್ರೈವರೊಬ್ಬ, ಬೆಳಗಿನ ಬಸ್ಸನ್ನು ನಿಮಿಷಕ್ಕೆ ಸರಿಯಾಗಿ ತರುವ ಕೆಟ್ಟ ಚಾಳಿಯವನು. ಈಗ ನಿಲ್ದಾಣದ ಗೇಟಿನಲ್ಲಿ ಒಂದು ಸ್ಟೂಲು ಇದೆ. ಅದರ ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮುದುಕರೊಬ್ಬರು ಕೆಂಪು ಹಸಿರು ಬಾವುಟ ಹಿಡಿದು ಕೂತಿರುತ್ತಾರೆ. ಆ ಬಸ್ಸು ಬಂದೊಡನೆ ಎದ್ದು ಕೆಂಪು ತೋರಿಸುತ್ತಾರೆ.

"ಯಾಕಜ್ಜಾ, ಯಾವ ರೈಲು ಬರ್ಬೇಕು ಇಲ್ಲಿ?" ಎಂದು ಡ್ರೈವರು ತಲೆ ಹೊರಗೆ ಹಾಕಿ ಕೂಗುತ್ತಾನೆ.

"ಸೂಚನೆ" ಎನ್ನುತ್ತಾರೆ ಅವರು, ಗಡಿಯಾರ ನೋಡುತ್ತ. ಮುಳ್ಳು ದಾಟಿದ ಮೇಲೆ ಹಸಿರು ಬೀಸುತ್ತಾರೆ. ಆಗ ಒಳಗಿನಿಂದ, ಇಡೀ ನಿಲ್ದಾಣ ತಲೆ ಎತ್ತುವಂತೆ, ಹಬ್ಬದ ಸಂಭ್ರಮದ ದನಿಯೊಂದು ಕೇಳುತ್ತದೆ: "ಪ್ರಯಾಣಿಕರ ಗಮನಕ್ಕೆ! ಬಸ್ಸು ತಡವಾಗಿ ಬಂದಿದ್ದಕ್ಕೆ ವಿಷಾದಿಸುತ್ತೇವೆ!"